ಸೊರಗಿದ ಗಿಡಕ್ಕೆ ನೀರೇ ಮದ್ದಲ್ಲ
(ಮಹಿಳಾ ವೇದಿಕೆಯ ತಿಂಗಳ ಕೂಟದಲ್ಲಿ ಆಡಿದ ಮಾತು)

ನನಗೆ ಸಿಕ್ಕಿರುವುದು ಐದೇ ನಿಮಿಷ. ಹಾಗಾಗಿ ಮನೆಯೊಳಗಿನ ಒಂದೇ ಗಿಡದ ಬಗ್ಗೆ ಹೇಳುತ್ತೇನೆ: ಪೀಸ್ ಲಿಲಿ. ಕಡು ಹಸಿರು ಎಲೆ, ದೋಣಿಯಂಥ ಬಿಳಿ ಹೂವು. ಹೈದರಾಬಾದಿನಲ್ಲಿ ನಾನು ಹೋದ ನಮ್ಮವರ ಫ್ಲ್ಯಾಟುಗಳಲ್ಲಿ ಅರ್ಧಕ್ಕರ್ಧ ಕಡೆ ಅದಿದೆ. ಅಥವಾ ಇತ್ತು!

ಅದರ ಮೂಲ ಅಮೆರಿಕದ ಉಷ್ಣವಲಯದ ಕಾಡು, ದೊಡ್ಡ ಮರಗಳ ನೆರಳು. ಬೆಳಕು ಬೇಕು, ನೇರ ಬಿಸಿಲು ಬೇಡ.

ಎಲೆ ಜೋತು ಬಿದ್ದ ಕೂಡಲೇ ನಾವು ಒಂದು ಚೊಂಬು ನೀರು ಸುರಿಯುತ್ತೇವೆ. ಸರ್ವರ್ ನಿಂತರೆ ಲಾಗ್ ನೋಡದೆ ರೀಸ್ಟಾರ್ಟ್ ಮಾಡುವ ನಮ್ಮ ಆಫೀಸಿನ ಹುಡುಗರ ಹಾಗೆ. ಗಿಡದ ಲಾಗ್ ಇರುವುದು ಮಣ್ಣಿನಲ್ಲಿ. ಬೆರಳನ್ನು ಎರಡು ಗೆಣ್ಣಿನಷ್ಟು ಒಳಗಿಳಿಸಿ. ಮಣ್ಣು ಒಣಗಿದ್ದು, ಕುಂಡ ಎತ್ತಿದರೆ ಹಗುರವಾಗಿದ್ದರೆ ಅದು ಬಾಯಾರಿಕೆ. ನೀರು ಹಾಕಿದರೆ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ. ಮಣ್ಣು ಒದ್ದೆಯಿದ್ದೂ ಎಲೆ ಸೊರಗಿದ್ದರೆ ಬೇರು ಕೊಳೆಯುತ್ತಿರಬಹುದು. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದಿಯಲ್ಲೆಲ್ಲ ನೀರು ನಿಂತರೆ ಬೇರು ಸಾಯುತ್ತದೆ, ನೀರಿನ ನಡುವೆಯೇ ಗಿಡ ಒಣಗುತ್ತದೆ.

ನಮ್ಮ ಮಹಡಿಯ ಆಂಟಿಯೊಬ್ಬರ ಮನೆಯಲ್ಲಿ ಹೀಗೇ ಆಗಿತ್ತು. ಅವರ ಯಜಮಾನರು ಆಸ್ಪತ್ರೆ ಸೇರುವ ಮುಂಚೆ ತಂದಿಟ್ಟ ಕೊನೆಯ ಗಿಡ ಅದು. ಅವರು ತೀರಿಕೊಂಡ ಮೇಲೆ ಆಂಟಿ ದಿನಕ್ಕೆರಡು ಸಲ ನೀರು ಹಾಕುತ್ತಿದ್ದರು. "ಇದೂ ಹೋಗ್ತದೇನಮ್ಮ?" ಎಂದು ಕೇಳಿದರು. ಇಬ್ಬರೂ ಕೂತು ಬಿಡಿಸಿದೆವು. ಚೆಂದದ ಪಿಂಗಾಣಿ ಕುಂಡ, ತಳಕ್ಕೆ ತೂತೇ ಇಲ್ಲ. ಕಪ್ಪಾಗಿ ಮೆತ್ತಗಾದ ಬೇರುಗಳನ್ನು ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ತೆಗೆದೆವು. ಗಟ್ಟಿಯಾದ ಬಿಳಿ ಬೇರು ಉಳಿಸಿ, ಹೊಸ ಮಣ್ಣಿಗೆ ಕೊಕೊಪೀಟ್, ಪರ್ಲೈಟ್ ಬೆರೆಸಿ, ತೂತಿರುವ ಚಿಕ್ಕ ಕುಂಡದಲ್ಲಿ ನೆಟ್ಟೆವು. ಗೊಬ್ಬರ ಹಾಕಲಿಲ್ಲ, ಜ್ವರ ಬಂದವರಿಗೆ ಹೋಳಿಗೆ ಬಡಿಸುತ್ತೇವೆಯೇ? ಉಳಿದದ್ದು ಮೂರೇ ಎಲೆ. ತಿಂಗಳ ಮೇಲೆ ಒಂದು ಬೆಳಿಗ್ಗೆ ಆಂಟಿ ಬಾಗಿಲು ತಟ್ಟಿ ಕರೆದುಕೊಂಡು ಹೋದರು. ನಡುವಿನಿಂದ ಸುರುಳಿ ಸುತ್ತಿದ ಹೊಸ ಎಲೆ ಬಂದಿತ್ತು.

ತುದಿ ಮಾತ್ರ ಕಂದು ಬಣ್ಣಕ್ಕೆ ತಿರುಗುವುದು ಬೇರೆ ಕಥೆ. ಎಸಿಯ ಒಣ ಗಾಳಿಯಿಂದಲೂ ಆಗುತ್ತದೆ, ಬೋರ್ ನೀರಿನ ಲವಣದಿಂದಲೂ ಆಗುತ್ತದೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಗಿಡಕ್ಕೆ ಹಾಕುವ ಉಳಿತಾಯ ನಮ್ಮಲ್ಲಿ ಬಹಳ. ನೆಲ ಒರೆಸಲು ಬಳಸಿ. ಈ ಗಿಡಕ್ಕೆ ಬೇಡ, ಲವಣವೆಲ್ಲ ಸೇರುವುದು ಆ ನೀರಿನಲ್ಲೇ. ಮಳೆನೀರು ಹಿಡಿದಿಟ್ಟರೆ ಒಳ್ಳೆಯದು. ಆಗಾಗ ಒಳ್ಳೆಯ ನೀರು ಧಾರಾಳವಾಗಿ ಹರಿಸಿ, ತಳದಿಂದ ಪೂರ್ತಿ ಇಳಿಯಲು ಬಿಟ್ಟರೆ ಮಣ್ಣಿನ ಲವಣ ತೊಳೆದುಹೋಗುತ್ತದೆ. ಒಣಗಿದ ತುದಿ ಮತ್ತೆ ಹಸಿರಾಗುವುದಿಲ್ಲ, ಕತ್ತರಿಸಿಬಿಡಿ.

ಅಂದ ಹಾಗೆ, ಇದು ನಮ್ಮ ಪತ್ರೊಡೆಯ ಕೆಸುವಿನ ಕುಟುಂಬದ್ದೇ. ಹಸಿ ಕೆಸು ತುರಿಸುವಂತೆ ಇದನ್ನು ಅಗಿದರೂ ಬಾಯಿ ಉರಿಯುತ್ತದೆ. ಅಂಬೆಗಾಲಿಡುವ ಮಕ್ಕಳು, ಬೆಕ್ಕು, ನಾಯಿ ಇದ್ದರೆ ಎತ್ತರದಲ್ಲಿಡಿ.

ಗಿಡದ ಫೋಟೋ ತಂದವರು ಊಟದ ಹೊತ್ತಿಗೆ ತೋರಿಸಿ. ಮಣ್ಣು ಒದ್ದೆಯಿತ್ತೋ ಒಣಗಿತ್ತೋ, ಮನೆಗೆ ಫೋನ್ ಮಾಡಿ ಕೇಳಿಕೊಂಡೇ ಬನ್ನಿ.