ಹಾವಿನ ಹಸಿವು, ಸಾಕುವವನ ಹೊಣೆ

(ಹಳೇಕೋಟೆಯಲ್ಲಿ ರೈತರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಹೇಮಾವತಿಯ ನೀರುಂಡ ಹೊಳೆನರಸೀಪುರ ಸೀಮೆಯಲ್ಲಿ ಹಾವನ್ನು ಕಾಣದ ರೈತರು ವಿರಳ. ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಕೇರೆ ಮತ್ತು ನಾಗರ. ಇದು ನಿಸರ್ಗದ ಲೆಕ್ಕಾಚಾರ. ಆದರೆ ಇತ್ತೀಚಿನ ವರ್ಷಗಳಲ್ಲಿ ಹಾವು ನಗರಗಳ ಮನೆಯೊಳಗಿನ ಗಾಜಿನ ಪೆಟ್ಟಿಗೆಯನ್ನೂ ಸೇರಿದೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನನ್ನು ಸುಂಕದ ಅಧಿಕಾರಿಗಳು ತೆರೆದಾಗ 55 ಬಾಲ್ ಪೈಥಾನ್‌ಗಳೂ 17 ಕಾಳಿಂಗ ಸರ್ಪಗಳೂ ಜೀವಂತವಾಗಿ ದೊರೆತವು. ಜೊತೆಯಲ್ಲಿದ್ದ ಆರು ಕಪುಚಿನ್ ಕೋತಿಗಳು ಸತ್ತಿದ್ದವು. 2024ರ ಏಪ್ರಿಲ್‌ನಲ್ಲಿ ಅಲ್ಲಿಯೇ 10 ಹಳದಿ ಅನಕೊಂಡಗಳು ಪತ್ತೆಯಾದವು. ಕೊಳ್ಳುವವರಿಲ್ಲದೆ ಇಂತಹ ಸಾಗಣೆ ನಡೆಯದು.

ಹಾವನ್ನು ಕೊಳ್ಳುವವನು ಅದರ ಬಣ್ಣವನ್ನು ನೋಡುತ್ತಾನೆಯೇ ಹೊರತು ಅದರ ಹಸಿವನ್ನು ಅರಿಯುವುದಿಲ್ಲ. ಹಾವು ಒಡೆಯನ ಮುಖವನ್ನು ನೋಡಿ ಆಹಾರವನ್ನು ನಿರೀಕ್ಷಿಸುವುದಿಲ್ಲ, ಸಂಕೇತಗಳನ್ನು ಅನುಸರಿಸುತ್ತದೆ. ನಾಲಗೆಯು ಗಾಳಿಯಿಂದ ಹೆಕ್ಕಿದ ವಾಸನೆಯ ಕಣಗಳನ್ನು ಅಂಗುಳಿನಲ್ಲಿರುವ ಜೇಕಬ್‌ಸನ್ ಅಂಗವು ಗುರುತಿಸುತ್ತದೆ. ಹೆಬ್ಬಾವಿನ ತುಟಿಗಳ ಮೇಲಿನ ಕುಳಿಗಳು ಬಿಸಿರಕ್ತದ ಪ್ರಾಣಿಯ ಶಾಖವನ್ನು ಗ್ರಹಿಸುತ್ತವೆ. ಇಲಿಯ ವಾಸನೆ ಅಂಟಿದ ಬೆಚ್ಚಗಿನ ಕೈಯೊಂದು ಪೆಟ್ಟಿಗೆಯೊಳಗೆ ಚಲಿಸಿದರೆ ಹಾವಿನ ಪಾಲಿಗೆ ಅದೇ ಇಲಿ. ಪ್ರತಿ ಬಾರಿಯೂ ಮುಚ್ಚಳ ತೆರೆದಾಗ ಆಹಾರವೇ ದೊರೆತರೆ, ಮುಚ್ಚಳದ ಸದ್ದೇ ಊಟದ ಕರೆಯಾಗುತ್ತದೆ. ಇದು ಕೋಪವಲ್ಲ, ದ್ವೇಷವೂ ಅಲ್ಲ.

ಹೆದರಿದ ಹಾವಿಗೂ ಹಸಿದ ಹಾವಿಗೂ ಇರುವ ಭೇದವನ್ನು ತಿಳಿಯುವುದು ಮೊದಲ ಪಾಠ. ಹೆದರಿದ ಹಾವು ಕತ್ತನ್ನು ಹಿಂದಕ್ಕೆಳೆದು, ಬುಸುಗುಟ್ಟಿ, ಹೊಡೆದು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಹಸಿದ ಹೆಬ್ಬಾವು ನಾಲಗೆಯನ್ನು ಆಡಿಸುತ್ತ ಮುಂದಕ್ಕೆ ಬರುತ್ತದೆ. ಕಚ್ಚಿ, ಹಿಡಿದು, ಸುತ್ತಿಕೊಳ್ಳುತ್ತದೆ. ಅದರ ಹಲ್ಲುಗಳು ಹಿಂದಕ್ಕೆ ಬಾಗಿರುವುದರಿಂದ ಕೈಯನ್ನು ಸೆಳೆದುಕೊಂಡರೆ ಗಾಯ ಹೆಚ್ಚುತ್ತದೆ, ಹಾವಿನ ಹಲ್ಲೂ ಮುರಿಯುತ್ತದೆ. ಕೈಯನ್ನು ಅಲುಗಿಸದೆ, ಬಾಲದ ಕಡೆಯಿಂದ ಸುತ್ತುಗಳನ್ನು ಬಿಡಿಸುವುದೇ ಸರಿಯಾದ ಕ್ರಮ.

ಮೃಗಾಲಯಗಳಲ್ಲಿಯೂ ರಕ್ಷಣಾ ಕೇಂದ್ರಗಳಲ್ಲಿಯೂ ಹಾವುಗಳನ್ನು ನೋಡಿಕೊಳ್ಳುವವರು ಈ ಸಂಕೇತಗಳನ್ನು ಬೇರ್ಪಡಿಸುತ್ತಾರೆ. ಊಟವಿಲ್ಲದ ದಿನ ಪೆಟ್ಟಿಗೆಯನ್ನು ತೆರೆದೊಡನೆ ಕೊಕ್ಕೆಯಿಂದ ಮೈಯನ್ನು ಮೆಲ್ಲನೆ ಮುಟ್ಟುತ್ತಾರೆ. ಇಂದು ಆಹಾರವಿಲ್ಲವೆಂಬುದನ್ನು ಹಾವು ಕ್ರಮೇಣ ಕಲಿಯುತ್ತದೆ. ಆಹಾರವನ್ನು ಕೈಯಿಂದ ಕೊಡದೆ ಉದ್ದನೆಯ ಚಿಮಟದಿಂದ ಕೊಡುತ್ತಾರೆ. ಆಹಾರದ ಪ್ರಾಣಿಯನ್ನು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯುತ್ತಾರೆ. ಎರಡು ಹಾವುಗಳಿಗೆ ಒಂದೆಡೆ ಊಟವಿಡುವುದಿಲ್ಲ; ಒಂದೇ ಬೇಟೆಗೆ ಎರಡು ಬಾಯಿಗಳು ಬಿದ್ದರೆ ಒಂದು ಇನ್ನೊಂದನ್ನು ನುಂಗುವ ಅಪಾಯವುಂಟು. ಊಟದ ಬಳಿಕ ಕನಿಷ್ಠ ಎರಡು ದಿನ ಹಾವನ್ನು ಎತ್ತುವುದಿಲ್ಲ. ಎತ್ತಿದರೆ ಅದು ನುಂಗಿದ್ದನ್ನು ಕಾರಿಕೊಳ್ಳಬಹುದು. ಹಾವಿನ ಆತುರವನ್ನು ಕಂಡು ಪದೇಪದೇ ತಿನ್ನಿಸುವುದು ಪರಿಹಾರವಲ್ಲ. ಬೊಜ್ಜು ಬೆಳೆಯುವುದೇ ಹೊರತು ಸ್ವಭಾವ ಬದಲಾಗದು.

ಈ ವಿಧಾನಗಳಿಂದ ಅಪಾಯ ತಗ್ಗುತ್ತದೆ, ಆದರೆ ಹಾವು ನಾಯಿಯಂತೆ ಪಳಗುವುದಿಲ್ಲ. ವಿಷದ ಹಾವಿನ ವಿಷಯದಲ್ಲಂತೂ ಒಂದು ತಪ್ಪು ಸಂಕೇತಕ್ಕೆ ಪ್ರಾಣವೇ ಬೆಲೆ. ದೇಶದ ಹಾವುಗಳನ್ನು ಹಿಡಿದು ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ತಡೆಯುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಭೇದಗಳ ಸಾಕಣೆಗೂ ನೋಂದಣಿಯನ್ನು ಕಡ್ಡಾಯಗೊಳಿಸಿದೆ.

ಸಾಕಲಾರದವನು ಹಾವನ್ನು ಹೊಳೆಯ ದಡದಲ್ಲಿ ಬಿಟ್ಟುಬಂದರೆ ಆಗುವುದೇನು? ಅಮೆರಿಕದ ಫ್ಲಾರಿಡಾದಲ್ಲಿ ಸಾಕುವವರ ಕೈಯಿಂದ ಹೊರಬಿದ್ದ ಬರ್ಮಾ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಜೌಗಿನಲ್ಲಿ ಸಂತಾನ ಬೆಳೆಸಿ, ಅಲ್ಲಿನ ಸಸ್ತನಿಗಳನ್ನು ವಿರಳಗೊಳಿಸಿದವು. 2012ರಲ್ಲಿ ಅಮೆರಿಕವು ಅವುಗಳ ಆಮದನ್ನು ನಿಷೇಧಿಸಿತಾದರೂ ಆ ವೇಳೆಗೆ ಅವು ನೆಲೆಯೂರಿಯಾಗಿತ್ತು. ಹೇಮಾವತಿಯ ದಡಕ್ಕೆ ಅಂತಹ ಪ್ರಯೋಗ ಬೇಡ.

ಹಳೇಕೋಟೆಯ ಗದ್ದೆಯಲ್ಲಿ ಹಾವಿನ ಕಡಿತವು ಬಹುಪಾಲು ಹಸಿವಿನದಲ್ಲ, ಹೆದರಿಕೆಯದು. ತುಳಿದ ಕಾಲಿಗೆ, ಬಿಲಕ್ಕೆ ಹಾಕಿದ ಕೈಗೆ ಕೊಳಕುಮಂಡಲವು ಉತ್ತರಿಸುತ್ತದೆ. ಅಲ್ಲಿ ಬೇಕಾದುದು ಟಾರ್ಚು, ಬೂಟು ಮತ್ತು ದೂರ. ಕಚ್ಚಿಸಿಕೊಂಡವರಿಗೆ ಕಟ್ಟು ಬಿಗಿಯದೆ, ಗಾಯವನ್ನು ಕೊಯ್ಯದೆ, ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಒಯ್ಯಬೇಕು. ಕರ್ನಾಟಕವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ಮನೆಯೊಳಗೆ ಧಾನ್ಯ ಚೆಲ್ಲಿದ್ದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವೂ ಬರುತ್ತದೆ. ಆದುದರಿಂದ ಕಣಜವನ್ನು ಭದ್ರಪಡಿಸುವುದೇ ಗ್ರಾಮದ ಪಾಲಿಗೆ ಹಾವಿನ ಹಸಿವಿನ ನಿರ್ವಹಣೆ. ಪೆಟ್ಟಿಗೆಯಲ್ಲಿ ಅಪಾಯವಾಗುವ ಆ ಹಸಿವೇ ಗದ್ದೆಯಲ್ಲಿ ರೈತನ ಭತ್ತವನ್ನು ಕಾಯುತ್ತದೆ. ಅದನ್ನು ಅಲ್ಲಿಯೇ ಇರಗೊಡುವುದು ವಿವೇಕ.