ಬೆಲ್ಟ್ ತುಂಡಾದ ಮೇಲೆ

ಹಳೆಯ ಕಾರಿನ ಟೈಮಿಂಗ್ ಬೆಲ್ಟ್ ತುಂಡಾದರೆ ಮನೆಯಲ್ಲೇ ಹೊಸದನ್ನು ಹಾಕಿಕೊಳ್ಳಬಹುದೇ? ಹಾಕಿಕೊಳ್ಳಬಹುದು, ಆದರೆ ಒಳಗೆ ಏನು ಹಾಳಾಗಿದೆ ಎಂಬುದನ್ನು ಮೊದಲು ತಿಳಿಯಬೇಕು. ಕ್ರ್ಯಾಂಕ್‌ಶಾಫ್ಟ್ 2 ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ 1 ಸುತ್ತು ತಿರುಗಬೇಕು. ಆ ಲೆಕ್ಕ ತಪ್ಪದಂತೆ ಹಿಡಿದಿರುವುದು ಈ ಹಲ್ಲಿನ ರಬ್ಬರ್ ಪಟ್ಟಿ. ಓಡುವಾಗ ಅದು ಹರಿದರೆ ಕ್ಯಾಮ್ ನಿಂತುಬಿಡುತ್ತದೆ, ಪಿಸ್ಟನ್ ಮಾತ್ರ ಇನ್ನೂ ಮೇಲೆ ಬರುತ್ತಲೇ ಇರುತ್ತದೆ. ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್‌ಗೂ ವಾಲ್ವ್‌ಗೂ ನಡುವೆ ಸಾಕಷ್ಟು ಜಾಗವಿದೆ, ಏನೂ ಆಗದು. ಉಳಿದವುಗಳಲ್ಲಿ, ಡೀಸೆಲ್‌ಗಳಲ್ಲಂತೂ ಬಹುಪಾಲು, ತೆರೆದ ವಾಲ್ವ್‌ಗೆ ಪಿಸ್ಟನ್ ಬಡಿದು ವಾಲ್ವ್ ಬಾಗುತ್ತದೆ. ಅಂಥ ಎಂಜಿನ್‌ಗೆ ಹೊಸ ಬೆಲ್ಟ್ ಹಾಕಿದರೂ ಕಂಪ್ರೆಷನ್ ಬರುವುದಿಲ್ಲ. ಹೆಡ್ ಇಳಿಸಲೇಬೇಕು, ಅದು ಮನೆಯಂಗಳದ ಕೆಲಸವಲ್ಲ.

ಮೆಕ್ಯಾನಿಕ್‌ಗೆ ಬಿಡುವುದೇ ವಾಸಿ ಎನ್ನುವವರ ಮಾತಿನಲ್ಲಿ ಹುರುಳಿದೆ: ಒಂದು ಹಲ್ಲು ತಪ್ಪಿದರೂ ಎಂಜಿನ್ ಸರಿಯಾಗಿ ಓಡದು. ಆದರೆ ಆ ತಪ್ಪನ್ನು ಹಿಡಿಯಲು ದುಬಾರಿ ಯಂತ್ರವೇನೂ ಬೇಕಿಲ್ಲ. ಮೊದಲೇ ಬ್ಯಾಟರಿಯ ವೈರ್ ಕಳಚಿಡಿ. ಆ ಕಾರಿನದೇ ಕೈಪಿಡಿ ನೋಡಿ ಕ್ರ್ಯಾಂಕ್ ಮತ್ತು ಕ್ಯಾಮ್‌ನ ಗುರುತುಗಳನ್ನು ಕೂಡಿಸಿ, ಬೆಲ್ಟ್ ಹಾಕಿ, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಬಿಗಿದ ಮೇಲೆ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಕ್ರ್ಯಾಂಕ್ ಬೋಲ್ಟ್‌ಗೆ ಸ್ಪ್ಯಾನರ್ ಕೊಟ್ಟು ಎಂಜಿನ್ನನ್ನು ಅದು ತಿರುಗುವ ದಿಕ್ಕಿಗೇ ಕೈಯಿಂದ 2 ಸುತ್ತು ನಿಧಾನವಾಗಿ ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಿ. ಗುರುತುಗಳು ಮತ್ತೆ ಕೂಡಿದರಷ್ಟೇ ಸ್ಟಾರ್ಟ್ ಮಾಡುವ ಮಾತು. ಇನ್ನು, ಹಳೆಯ ಟೆನ್ಷನರ್ ಉಳಿಸಿ ದುಡ್ಡು ಮಿಗಿಸುವುದು ನನಗೆ ಒಪ್ಪಿಗೆಯಿಲ್ಲ. ಅದರ ಬೇರಿಂಗ್ ಜಾಮ್ ಆದರೆ ಹೊಸ ಬೆಲ್ಟೂ ಹೋಗುತ್ತದೆ. ವಾಟರ್ ಪಂಪ್ ಇದೇ ಬೆಲ್ಟಿನಿಂದ ಓಡುವ ಕಾರುಗಳಲ್ಲಿ ಅದನ್ನೂ ಈಗಲೇ ಬದಲಿಸಿ, ಏಕೆಂದರೆ ನಾಳೆ ಅದು ಸೋರಿದರೆ ಇಷ್ಟೂ ಬಿಚ್ಚುವುದು ತಪ್ಪದು.