ಸಣ್ಣ ಟ್ರ್ಯಾಕ್ಟರಿಗೆ ಎಂಥಾ ಕಸ ಕತ್ತರಿಸುವ ಯಂತ್ರ?

(ಸಂಘದ ಬೆಳ್ಳಿಹಬ್ಬದ ರೈತಗೋಷ್ಠಿಯಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬ ಅಂದಮೇಲೆ ಹಾರ-ತುರಾಯಿ, ಸನ್ಮಾನ ಎಲ್ಲಾ ಇರತಕ್ಕದ್ದೇ. ಆದರೆ ನಮಗೆ ಒಪ್ಪಿಸಿದ ವಿಷಯ ಹೊಲದ ವಿಷಯ. ಸಂಘದ ಸಣ್ಣ ಟ್ರ್ಯಾಕ್ಟರಿನ ಹಿಂದೆ ಕಟ್ಟಲಿಕ್ಕೆ ಕಸ ಮತ್ತು ಕಟ್ಟಿಗಿ ಕತ್ತರಿಸುವ ಒಂದು ಯಂತ್ರ ತರಬೇಕೆಂದು ಸದಸ್ಯರು ಕೇಳುತ್ತಿದ್ದಾರೆ. ಯಾವುದು ತರಬೇಕು, ಎಷ್ಟು ಅಗಲದ್ದು ತರಬೇಕು, ತರಬೇಕೋ ಬೇಡವೋ ಎಂಬುದನ್ನು ನೋಡಿ ಹೇಳ್ರಿ ಅಂದರು. ನಾವು ಕಂಡದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಕಣಗಿನಹಾಳ ಇಂದು ಗದಗ ಜಿಲ್ಲೆಯಲ್ಲಿದೆ; 1997ಕ್ಕೂ ಮುಂಚೆ ಅದು ನಮ್ಮ ಧಾರವಾಡ ಜಿಲ್ಲೆಯದೇ ಊರು. ಒಬ್ಬನಿಗೆ ಆಗದ್ದು ಹತ್ತು ಮಂದಿ ಕೂಡಿದರೆ ಆಗುತ್ತದೆ ಎಂಬುದನ್ನು ಅವರು ಮಾಡಿ ತೋರಿಸಿದರು. ಅಂದು ಸಾಲದ ಮಾತಿತ್ತು, ಇಂದು ಯಂತ್ರದ ಮಾತು. ಎರಡಕ್ಕೂ ಒಂದೇ ನಿಯಮ: ಕೂಡಿಟ್ಟ ಹಣ ಎಲ್ಲರದು, ಅದನ್ನು ಖರ್ಚು ಮಾಡುವ ಮುಂಚೆ ಎಲ್ಲರಿಗೂ ಲೆಕ್ಕ ತಿಳಿದಿರಬೇಕು.

ಮೊದಲನೆಯ ಪ್ರಶ್ನೆ, ನಾವು ಕತ್ತರಿಸುವುದು ಏನನ್ನು? ಅಂಗಡಿಗೆ ಹೋದರೆ ಚಿತ್ರದ ಪುಸ್ತಕ ಕೈಗೆ ಕೊಡುತ್ತಾರೆ. ಅದರಲ್ಲಿ ಯಂತ್ರಗಳೆಲ್ಲಾ ಕೆಂಪಗೆ, ಹಳದಿಯಾಗಿ ಮಿಂಚುತ್ತಿರುತ್ತವೆ. ನಮ್ಮ ಲೆಕ್ಕಕ್ಕೆ ಅವು ಮೂರು ಜಾತಿ.

ಒಂದು, ಫಿನಿಶ್ ಮೋವರ್. ಇದು ಹುಲ್ಲುಹಾಸು ಸಮ ಮಾಡುವ ಯಂತ್ರ. ಒಳಗೆ ಸಾಮಾನ್ಯವಾಗಿ ಮೂರು ತೆಳ್ಳನೆಯ ಬ್ಲೇಡು, ನಾಲ್ಕು ಮೂಲೆಗೆ ನಾಲ್ಕು ಸಣ್ಣ ಗಾಲಿ. ಪರದೇಶದಲ್ಲಿ ಮನೆ ಮುಂದಿನ ಹುಲ್ಲಿಗೆ, ಆಟದ ಬಯಲಿಗೆ ಸಣ್ಣ ಟ್ರ್ಯಾಕ್ಟರಿಗೆ ಇದನ್ನೇ ಕಟ್ಟುತ್ತಾರೆ. ನೆಲ ಸಪಾಟಾಗಿರಬೇಕು, ಹುಲ್ಲು ಎಳೆಯದಿರಬೇಕು, ಕಲ್ಲು ಇರಬಾರದು. ಕಾಲೇಜು ಮೈದಾನಕ್ಕೆ, ಉದ್ಯಾನಕ್ಕೆ ಇದು ಛಲೋ ಯಂತ್ರ. ಬ್ಯಾಸಗ್ಯಾಗ ಕಾಲು ಸಿಗುವಷ್ಟು ಬಿರುಕು ಬಿಡುವ ನಮ್ಮ ಎರಿ ಹೊಲದಾಗ ಇದರ ಗಾಲಿ ಎಲ್ಲಿ ಉರುಳಬೇಕು? ಹತ್ತಿ ಕಟ್ಟಿಗಿ ತಾಗಿದರೆ ಬ್ಲೇಡು ಸೊಟ್ಟಾಗುತ್ತದೆ.

ಎರಡು, ಸ್ಲ್ಯಾಶರ್. ಒಂದು ದಪ್ಪ ಗೇರ್‌ಬಾಕ್ಸು, ಅದರ ಕೆಳಗೆ ಗಿರಿಗಿರಿ ತಿರುಗುವ ಎರಡು ದಪ್ಪ ಬ್ಲೇಡು. ಬ್ಲೇಡಿಗೆ ಬೋಲ್ಟಿನ ಮೇಲೆ ಆಡುವ ಸಡಿಲು ಇರುವುದರಿಂದ ಕಲ್ಲೋ ಬೊಡ್ಡೆಯೋ ತಾಗಿದರೆ ಹಿಂದಕ್ಕೆ ಸರಿಯುತ್ತದೆ. ಬದುವಿನ ಕಸ, ಕಾಂಗ್ರೆಸ್ ಕಸ, ಎಳೆಯ ಜಾಲಿ ಕಂಟಿ, ಮಾವಿನ ತೋಪಿನ ಹುಲ್ಲು, ಇವುಗಳಿಗೆ ಇದು ತಕ್ಕದ್ದು. ಕತ್ತರಿಸಿದ್ದು ಉದ್ದುದ್ದ ತುಂಡಾಗಿ ಬೀಳುತ್ತದೆ, ಪುಡಿಯಾಗುವುದಿಲ್ಲ.

ಮೂರು, ಮಲ್ಚರ್, ಕೆಲವರು ಶ್ರೆಡ್ಡರ್ ಅನ್ನುತ್ತಾರೆ. ಅಡ್ಡ ಮಲಗಿದ ಒಂದು ದಪ್ಪ ಉರುಳೆಗೆ ಸಾಲಾಗಿ ಸಣ್ಣ ಸಣ್ಣ ಸುತ್ತಿಗೆಗಳನ್ನೋ ಬಾಗಿದ ಬ್ಲೇಡುಗಳನ್ನೋ ಜೋಡಿಸಿರುತ್ತಾರೆ. ಹತ್ತಿ ಕಟ್ಟಿಗಿ, ಗೋವಿನಜೋಳದ ದಂಟು ಏನೇ ಸಿಗಲಿ ಜಜ್ಜಿ ಚೂರು ಮಾಡಿ ನೆಲಕ್ಕೆ ಹಾಸುತ್ತದೆ. ಕೆಲಸ ಛಲೋ, ಆದರೆ ಟ್ರ್ಯಾಕ್ಟರಿನ ಶಕ್ತಿ ಬೇಡುತ್ತದೆ.

ಎರಡನೆಯ ಪ್ರಶ್ನೆ, ನಮ್ಮ ಟ್ರ್ಯಾಕ್ಟರಿನ ಶಕ್ತಿ ಎಷ್ಟು? ಬಾನೆಟ್ಟಿನ ಮೇಲೆ 27 ಎಚ್.ಪಿ. ಅಂತ ಬರೆದಿದ್ದರೆ ಅದು ಎಂಜಿನ್ನಿನ ಶಕ್ತಿ. ಹಿಂದಿನ ಪಿ.ಟಿ.ಓ. ದಂಡಕ್ಕೆ ಅದರಲ್ಲಿ ನೂರಕ್ಕೆ ಸುಮಾರು 85 ಪಾಲು ಮುಟ್ಟುತ್ತದೆ. ಅಂದರೆ 23 ಎಚ್.ಪಿ. ಹುಲ್ಲು-ಕಸದ ಕೆಲಸಕ್ಕೆ ಯಂತ್ರದ ಒಂದು ಅಡಿ ಅಗಲಕ್ಕೆ ಸುಮಾರು 5 ಎಚ್.ಪಿ. ಬೇಕೆಂದು ಒರಟು ಲೆಕ್ಕ. ನಾಲ್ಕು ಅಡಿಗೆ 20 ಆಯಿತು; ನಮ್ಮ ಟ್ರ್ಯಾಕ್ಟರು ಎಳೆಯುತ್ತದೆ. ಕಟ್ಟಿಗಿ ಜಜ್ಜುವ ಮಲ್ಚರಿಗೆ ಅಡಿಗೆ 8ರಿಂದ 10 ಹಿಡಿಯಬೇಕು. ಐದು ಅಡಿ ಮಲ್ಚರಿಗೆ 40-50 ಎಚ್.ಪಿ. ಆಯಿತು. ಅದನ್ನು ಸಣ್ಣ ಟ್ರ್ಯಾಕ್ಟರಿಗೆ ಕಟ್ಟಿದರೆ ಕರುವಿನ ಹೆಗಲಿಗೆ ಎತ್ತಿನ ನೊಗ ಇಟ್ಟಂಗ. ಎಂಜಿನ್ ಹೊಗೆ ಕಾರುತ್ತದೆ, ಕ್ಲಚ್ ಸುಡುತ್ತದೆ, ಕೆಲಸವೂ ಆಗುವುದಿಲ್ಲ.

ಭಾರವನ್ನೂ ನೋಡಬೇಕು. ಯಂತ್ರ ಎತ್ತಿದಾಗ ಟ್ರ್ಯಾಕ್ಟರಿನ ಮುಂದಿನ ಗಾಲಿ ಹಗುರಾಗಬಾರದು. ಹಗುರಾದರೆ ಒಡ್ಡು ಏರುವಾಗ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಹಾಗೆಯೇ ಯಂತ್ರದ ಅಗಲ ಹಿಂದಿನ ಎರಡೂ ಗಾಲಿಯ ಹೊರ ಅಂಚನ್ನು ಮುಚ್ಚಬೇಕು. ಇಲ್ಲವಾದರೆ ಗಾಲಿ ತುಳಿದ ಹುಲ್ಲು ಕತ್ತರಿಸದೇ ಉಳಿಯುತ್ತದೆ.

ಈಗ ನಮ್ಮ ನಾಲ್ಕು ತಾಲೂಕಿನ ನೆಲಕ್ಕೆ ಬರೋಣ. ಕಲಘಟಗಿ ಕಡೆ ಮಳೆ ಹೆಚ್ಚು, ಭತ್ತ, ಗೋವಿನಜೋಳ, ಮಾವಿನ ತೋಪು. ಇಳಿಜಾರಿನ ತೋಪಿನಲ್ಲಿ ಮಳೆಗಾಲದಲ್ಲಿ ಹರಗಿದರೆ ಮಣ್ಣು ಕೊಚ್ಚಿ ಹೋಗುತ್ತದೆ. ಅಲ್ಲಿ ಹುಲ್ಲಿನ ಬೇರು ನೆಲದಲ್ಲಿಯೇ ಬಿಟ್ಟು ಮೇಲೆ ಮಾತ್ರ ಸ್ಲ್ಯಾಶರಿನಿಂದ ಸವರಿದರೆ ಮಣ್ಣೂ ಉಳಿಯಿತು, ಗಿಡದ ಬುಡಕ್ಕೆ ಮುಚ್ಚಿಗೆಯೂ ಆಯಿತು. ಕೆಳಗೆ ಬಾಗಿದ ಟೊಂಗೆಗಳಿರುವ ತೋಪಿಗೆ ಒಂದು ಬದಿಗೆ ಸರಿಸಿ ಕಟ್ಟಲು ಬರುವ ಯಂತ್ರ ಇನ್ನೂ ಅನುಕೂಲ.

ನವಲಗುಂದ, ಅಣ್ಣಿಗೇರಿ, ಕುಂದಗೋಳ ಎರಿ ಸೀಮೆ. ಹೆಸರು, ಕಡಲೆ, ಜೋಳ, ಗೋಧಿ, ಮೆಣಸಿನಕಾಯಿ, ಹತ್ತಿ. ಹತ್ತಿಗೂ ಧಾರವಾಡಕ್ಕೂ ಹಳೇ ನಂಟು. ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರ್ಕಿಯವರು 1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಡಿ.ಸಿ.ಎಚ್.-32 ಹೈಬ್ರಿಡ್ ತಳಿಗಳನ್ನು ಕೊಟ್ಟರು. ಈಗ ಬಿ.ಟಿ. ಹೈಬ್ರಿಡ್ ಹತ್ತಿಯ ಕಾಲ. ಈ ಹೈಬ್ರಿಡ್ ಹತ್ತಿಯ ಕಟ್ಟಿಗಿ ಹೆಬ್ಬೆರಳು ದಪ್ಪ ಬರುತ್ತದೆ. ಇಲ್ಲಿ ಸಾಲಿನ ಲೆಕ್ಕ ನೋಡಬೇಕು, ಬರೇ ಅಡಿ ಲೆಕ್ಕ ಸಾಲದು. ಸಾಲು ಮೂರು ಅಡಿ ಅಂತರದ್ದಿದ್ದರೆ ಟ್ರ್ಯಾಕ್ಟರಿನ ಗಾಲಿ ಸಾಲುಗಳ ನಡುವೆ ಹೋಗಬೇಕು. ಗಾಲಿ ಸಾಲಿನ ಮ್ಯಾಲೆ ಹೋದರೆ ಕಟ್ಟಿಗಿ ನೆಲಕ್ಕೆ ಮಲಗುತ್ತದೆ, ಬ್ಲೇಡು ಅದರ ಮೇಲೆ ಹಾದು ಹೋಗುತ್ತದೆ. ಹಾಗಾಗಿ ನಾಲ್ಕು ಅಡಿ ಯಂತ್ರ ಒಂದು ಸಲಕ್ಕೆ ಒಂದೇ ಸಾಲು ಹಿಡಿಯುತ್ತದೆ.

ಬದುವಿನಲ್ಲಿ, ಬೀಳು ನೆಲದಲ್ಲಿ ನಾಲ್ಕು ಅಡಿ ಪೂರಾ ಕೆಲಸ ಮಾಡಿ, ಗಂಟೆಗೆ ಮೂರು ಕಿಲೋಮೀಟರ್ ನಡೆದರೆ, ತಿರುವಿನ ಹೊತ್ತು ಕಳೆದು, ಎಕರೆಗೆ ಸುಮಾರು 1 ಗಂಟೆ 25 ನಿಮಿಷ. ಅದೇ ಯಂತ್ರ ಮೂರಡಿ ಸಾಲಿನ ಹತ್ತಿಯಲ್ಲಿ ಎಕರೆಗೆ ಸುಮಾರು ಎರಡು ಗಂಟೆ. ಬಾಡಿಗೆ ಗೊತ್ತು ಮಾಡುವಾಗ ಈ ವ್ಯತ್ಯಾಸ ಮರೆಯಬಾರದು.

ಇನ್ನೊಂದು ಮಾತು. ಸ್ಲ್ಯಾಶರಿನಿಂದ ಹತ್ತಿ ಕಟ್ಟಿಗಿ ಕತ್ತರಿಸಿದ ಮಾತ್ರಕ್ಕೆ ಹೊಲ ಹಸನಾಗುವುದಿಲ್ಲ. ಉಳಿದ ಬೊಡ್ಡೆ ಒಣಗಿದರೆ ಮೊಳೆಯಂತೆ ಟಾಯರಿಗೆ ಚುಚ್ಚುತ್ತದೆ. ಹಸಿ ಇದ್ದರೆ ಮತ್ತೆ ಚಿಗುರಿ ಹುಳಕ್ಕೆ ಮನೆಯಾಗುತ್ತದೆ. ಗುಲಾಬಿ ಕಾಯಿಕೊರಕ ಉಳಿದ ಕಾಯಿಗಳಲ್ಲಿ, ಕಟ್ಟಿಗಿಯಲ್ಲಿ ಅಡಗಿ ಕುಳಿತು ಮುಂದಿನ ಬೆಳೆಗೆ ಹಾಯುತ್ತದೆ. ಅದಕ್ಕೇ ಬಿ.ಟಿ. ಹತ್ತಿಯನ್ನು ವರ್ಷಾಂತ್ಯ-ಜನವರಿಯೊಳಗೆ ಮುಗಿಸಿ, ಕಟ್ಟಿಗಿಯನ್ನು ಪುಡಿ ಮಾಡಿ ಮಣ್ಣಿಗೆ ಸೇರಿಸಿರಿ ಎಂದು ಕೃಷಿ ವಿಜ್ಞಾನಿಗಳು ಹೇಳುವುದು. ಕತ್ತರಿಸಿದ ಮೇಲೆ ರಂಟಿ ಹೊಡೆಯುವುದು ಇದ್ದೇ ಇದೆ. ಕರಕಿ, ಜೇಕು ಇದ್ದ ಹೊಲಕ್ಕೂ ಇದೇ ಮಾತು. ಮೇಲೆ ಸವರಿದರೆ ಅವು ಸಾಯುವುದಿಲ್ಲ, ನೆಲದೊಳಗೆ ನಗುತ್ತಾ ಇರುತ್ತವೆ. ಕಾಂಗ್ರೆಸ್ ಕಸವನ್ನು ಮಾತ್ರ ಹೂ ಬಿಡುವ ಮುಂಚೆ ಸವರಿದರೆ ಬೀಜ ಉದುರುವುದು ತಪ್ಪುತ್ತದೆ.

ತಾಯಂದಿರು ಕೇಳುವ ಪ್ರಶ್ನೆಯೊಂದಿದೆ: "ಕಟ್ಟಿಗಿ ಎಲ್ಲಾ ಪುಡಿ ಮಾಡಿದ್ರ ನಾವು ಒಲಿಗೆ ಏನ್ ಹಾಕೂಣ್ರಿ?" ಇದು ನಗುವ ಮಾತಲ್ಲ. ಗ್ಯಾಸು ಬಂದರೂ ನೀರು ಕಾಸಲಿಕ್ಕೆ, ರೊಟ್ಟಿ ಸುಡಲಿಕ್ಕೆ ಹತ್ತಿ ಕಟ್ಟಿಗಿ ನಂಬಿದ ಮನೆಗಳಿವೆ. ಕಟ್ಟಿಗಿ ಕಿತ್ತು ಕೂಲಿ ಪಡೆಯುವ ಕೈಗಳೂ ಇವೆ. ಸಂಘ ಎಲ್ಲರದು ಅಂದ ಮೇಲೆ ಭೂಮಿ ಇಲ್ಲದವರದೂ ಹೌದು. ಯಂತ್ರ ಹೊಲಕ್ಕೆ ಇಳಿಯುವ ನಾಲ್ಕು ದಿನ ಮುಂಚೆ ಸಂಘದ ಹಲಗೆಯ ಮೇಲೆ ಬರೆಯಬೇಕು. ಬೇಕಾದವರು ಹೊಲದವರನ್ನು ಕೇಳಿ ಮೊದಲು ಕಟ್ಟಿಗಿ ಒಯ್ಯಲಿ. ಹಾಗೆ ಒಯ್ದ ಕಟ್ಟಿಗಿಯಲ್ಲಿ ಕಾಯಿ ಉಳಿಯದಂತೆ ಬಿಡಿಸಿ, ಮಳೆಗಾಲದ ಮುಂಚೆ ಉರಿಸಿ ಮುಗಿಸಬೇಕು. ಬಣವಿ ಹಾಕಿ ಮುಂದಿನ ವರ್ಷದವರೆಗೆ ಇಟ್ಟರೆ ಹುಳ ಅಲ್ಲಿಯೇ ಉಳಿಯುತ್ತದೆ. ಉಳಿದ ಕಟ್ಟಿಗಿ ಮಣ್ಣಿಗೆ ಸೇರಲಿ. ಹೊಲದಲ್ಲಿಯೇ ಬೆಂಕಿ ಹಚ್ಚುವುದು ಮಾತ್ರ ಯಾರಿಗೂ ಲಾಭವಿಲ್ಲದ ಕೆಲಸ.

ಮೂರನೆಯ ಪ್ರಶ್ನೆ ರೊಕ್ಕದ್ದು. ಲೆಕ್ಕಕ್ಕೆ ಅಂತ ಯಂತ್ರದ ಬೆಲೆ 1,20,000 ರೂಪಾಯಿ ಅಂತ ಹಿಡಿಯೋಣ. ಹತ್ತು ವರ್ಷ ಬಾಳಿ ಕೊನೆಗೆ 12,000ಕ್ಕೆ ಹೋದರೆ, ವರ್ಷಕ್ಕೆ ಸವಕಳಿ 10,800. ಸರಾಸರಿ ಮೊತ್ತ 66,000ಕ್ಕೆ ನೂರಕ್ಕೆ 10ರಂತೆ ಬಡ್ಡಿ 6,600. ಒಟ್ಟು 17,400 ರೂಪಾಯಿ. ಯಂತ್ರ ಶೆಡ್ಡಿನಲ್ಲಿ ನಿಂತರೂ ಈ ಖರ್ಚು ನಿಲ್ಲುವುದಿಲ್ಲ. ವರ್ಷಕ್ಕೆ 50 ಗಂಟೆ ಓಡಿದರೆ ಗಂಟೆಗೆ 348 ರೂಪಾಯಿ ಇದರದ್ದೇ ಆಯಿತು. 150 ಗಂಟೆ ಓಡಿದರೆ 116 ರೂಪಾಯಿ. ಡೀಸೆಲ್, ಚಾಲಕನ ಪಗಾರ, ಬ್ಲೇಡು, ಗ್ರೀಸು, ಟ್ರ್ಯಾಕ್ಟರಿನ ಸವಕಳಿ ಇದರ ಮೇಲೆ ಬೇರೆ. ಆದ್ದರಿಂದ ಕೊಳ್ಳುವ ಮುಂಚೆ ಒಂದು ವಹಿ ತೆರೆದು, ಯಾರಿಗೆ ಎಷ್ಟು ಎಕರೆಗೆ, ಯಾವ ತಿಂಗಳಲ್ಲಿ ಬೇಕು ಅಂತ ಸದಸ್ಯರಿಂದ ಸಹಿ ಸಮೇತ ಬರೆಯಿಸಬೇಕು. ಸಹಾಯಧನದ ನಿಯಮ ವರ್ಷ ವರ್ಷ ಬದಲಾಗುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಯೇ ಮುಂದುವರಿಯಬೇಕು. ಸಹಾಯಧನ ಐತಿ ಅಂತ ಬೇಡಾದ ಯಂತ್ರ ತರುವುದು ಉಚಿತ ಸಿಕ್ಕಿತೆಂದು ಕುರುಡು ಎತ್ತು ಕಟ್ಟಿಕೊಂಡಂತೆ.

ಕೊಳ್ಳುವಾಗ ಇವನ್ನು ನೋಡಿರಿ:

1. ಪರೀಕ್ಷಾ ವರದಿ ಕೇಳಿರಿ. ಮಧ್ಯಪ್ರದೇಶದ ಬುದ್ನಿ, ಆಂಧ್ರದ ಗಾರ್ಲದಿನ್ನೆಯಲ್ಲಿ ಕೃಷಿ ಯಂತ್ರ ಪರೀಕ್ಷಿಸುವ ಸರ್ಕಾರಿ ಸಂಸ್ಥೆಗಳಿವೆ.

2. ಗೇರ್‌ಬಾಕ್ಸು 540 ಸುತ್ತಿನ ಪಿ.ಟಿ.ಓ.ಗೆ ಹೊಂದುವುದೇ, ಎಣ್ಣೆ ಸೋರುತ್ತದೆಯೇ ನೋಡಿರಿ.

3. ಜಾರುವ ಕ್ಲಚ್ ಅಥವಾ ಮುರಿಯುವ ಬೋಲ್ಟು ಇರಲೇಬೇಕು. ಬೊಡ್ಡೆ ತಾಗಿದಾಗ ಹತ್ತಿಪ್ಪತ್ತು ರೂಪಾಯಿಯ ಬೋಲ್ಟು ಮುರಿದು ಗೇರ್‌ಬಾಕ್ಸು ಉಳಿಯುತ್ತದೆ.

4. ಬ್ಲೇಡು, ಬೆಲ್ಟು, ಬೇರಿಂಗು ಹುಬ್ಬಳ್ಳಿ ಪ್ಯಾಟ್ಯಾಗ ಸಿಗುತ್ತವೆಯೇ ಎಂದು ಮೊದಲೇ ಹೋಗಿ ಕೇಳಿ ಬರ್ರಿ. ಕೆಲಸದ ದಂಡಿ ಬಂದಾಗ ಹದಿನೈದು ದಿನ ಬಿಡಿಭಾಗಕ್ಕೆ ಕಾದರೆ ಹಂಗಾಮೇ ಹೋಯಿತು.

5. ಅಂಗಡಿಯವರ ಅಂಗಳದಲ್ಲಿ ಓಡಿಸಿ ತೋರಿಸಿದ್ದನ್ನು ನಂಬಬೇಡಿರಿ. ನಮ್ಮ ಹೊಲದಲ್ಲಿ, ನಮ್ಮ ಟ್ರ್ಯಾಕ್ಟರಿಗೆ ಕಟ್ಟಿ ಒಂದು ಎಕರೆ ಪೂರಾ ಮಾಡಲಿ. ಟಾಕಿ ತುಂಬಿಸಿ ಶುರು ಮಾಡಿ, ಮುಗಿದ ಮೇಲೆ ಮತ್ತೆ ತುಂಬಿಸಿ. ಡೀಸೆಲ್ ಲೆಕ್ಕ ತಾನೇ ಸಿಗುತ್ತದೆ.

ಜೀವದ ಮಾತು ಕೊನೆಗೆ ಹೇಳುತ್ತೇವೆ, ಮನೆಗೆ ಹೋಗುವಾಗ ಅದೇ ನೆನಪಿನಲ್ಲಿರಲಿ ಅಂತ. ಪಿ.ಟಿ.ಓ. ದಂಡ ನಿಮಿಷಕ್ಕೆ 540 ಸುತ್ತು ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಧೋತರದ ಚುಂಗು, ಸೀರೆಯ ಸೆರಗು, ಶಲ್ಯ ಒಮ್ಮೆ ಸಿಕ್ಕರೆ ಕೂಗುವಷ್ಟು ಹೊತ್ತೂ ಸಿಗುವುದಿಲ್ಲ. ದಂಡದ ಮೇಲಿನ ಪ್ಲಾಸ್ಟಿಕ್ ಕವಚ ಬಿಚ್ಚಿ ಒಗೆದ ಯಂತ್ರವನ್ನು ಸಂಘ ಒಂದು ದಿನವೂ ಹೊಲಕ್ಕೆ ಕಳಿಸಕೂಡದು. ಸ್ಲ್ಯಾಶರಿನ ಬ್ಲೇಡಿನ ತುದಿಯ ವೇಗ ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ. ಅದಕ್ಕೆ ಸಿಕ್ಕ ಕಲ್ಲು ಗುಂಡಿನಂತೆ ಹಾರುತ್ತದೆ. ಹಿಂದೆ ಮುಂದೆ ಸರಪಳಿಯ ಪರದೆ ಇರಲೇಬೇಕು. ಹುಡುಗರು ಯಂತ್ರದ ಹಿಂದೆ ಬೆನ್ನುಹತ್ತುವುದು, ಚಾಲಕನ ಪಕ್ಕದ ಮಡಗಾರ್ಡಿನ ಮೇಲೆ ಕೂಡುವುದು ಬಂದಾಗಬೇಕು. ಕಸ ಸಿಕ್ಕಿಕೊಂಡರೆ ಎಂಜಿನ್ ಬಂದು ಮಾಡಿ, ಕೀಲಿ ಕಿಸೆಯಲ್ಲಿ ಇಟ್ಟುಕೊಂಡು, ಬ್ಲೇಡು ಪೂರಾ ನಿಂತ ಮೇಲೆಯೇ ಕೈ ಹಾಕಬೇಕು.

ನಮ್ಮ ಅಭಿಪ್ರಾಯ ಇಷ್ಟು. ಸಂಘದ ಸಣ್ಣ ಟ್ರ್ಯಾಕ್ಟರಿಗೆ ನಾಲ್ಕು ಅಡಿಯ ಗಟ್ಟಿ ಸ್ಲ್ಯಾಶರ್ ಸಾಕು. ಅದೂ ಸದಸ್ಯರ ಬೇಡಿಕೆ ವರ್ಷಕ್ಕೆ ನೂರು ಗಂಟೆ ದಾಟಿದರೆ ಮಾತ್ರ. ಹತ್ತಿ ಕಟ್ಟಿಗಿ ಪುಡಿ ಮಾಡಲಿಕ್ಕೆ ದೊಡ್ಡ ಟ್ರ್ಯಾಕ್ಟರು ಸಮೇತ ಮಲ್ಚರನ್ನು ಬಾಡಿಗೆ ಕೇಂದ್ರದಿಂದ ತರಿಸಿ, ಒಂದೇ ದಿಕ್ಕಿನ ಹೊಲಗಳನ್ನು ಒಟ್ಟಿಗೆ ಹಚ್ಚಿ ಮುಗಿಸೋಣ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ಹಿರಿಯರು ಹೇಳಿದ್ದು ಸಂಘಕ್ಕೂ ಸಲ್ಲುತ್ತದೆ. ಬರುವ ಸಾಮಾನ್ಯ ಸಭೆಗೆ ಎಲ್ಲರೂ ಬರ್ರಿ, ವಹಿಯಲ್ಲಿ ನಿಮ್ಮ ಎಕರೆ ಬರೆಯಿಸಿರಿ, ಒಪ್ಪದಿದ್ದರೆ ನಿಂತು ಹೇಳಿರಿ. ಕೈ ಎತ್ತಿ ನಿರ್ಣಯ ಮಾಡುವವರು ನೀವು.